ಪೂಜೆಗೆ ಇಟ್ಟ 59ನೇ ಸಂಪುಟ

2022ರ ದಸರೆಗೆ ಮೈಸೂರಿಗೆ ಹೊರಟಾಗ ನನ್ನ ಬ್ಯಾಗಿನಲ್ಲಿ 'ಒನ್ ಪೀಸ್' ಎಂಬ ಮಾಂಗಾದ, ಅಂದರೆ ಜಪಾನಿ ಕಾಮಿಕ್ಸಿನ, ಎರಡು ಸಂಪುಟ ಇದ್ದವು. 58 ಮತ್ತು 59. ಹಿಂದಿನ ವಾರ ಚರ್ಚ್ ಸ್ಟ್ರೀಟಿನಲ್ಲಿ ಕೊಂಡಿದ್ದೆ. 58 ರೈಲಿನಲ್ಲೇ ಮುಗಿಯಿತು. ಶ್ರೀರಂಗಪಟ್ಟಣ ದಾಟುವಾಗ ಕೊನೆಯ ಪುಟಗಳಲ್ಲಿದ್ದೆ. ನೌಕಾಪಡೆಯ ಅಕೈನು ಲಾವಾದ ಮುಷ್ಟಿ ಎತ್ತಿ ಕಥಾನಾಯಕ ಲೂಫಿಯ ಮೇಲೆ ಬೀಳುತ್ತಾನೆ. ಲೂಫಿಯ ಅಣ್ಣ ಏಸ್ ಮಧ್ಯೆ ಬಂದು ನಿಲ್ಲುತ್ತಾನೆ. ಮುಷ್ಟಿ ಅವನ ಮೈಯನ್ನೇ ತೂರಿ ಹೋಗುತ್ತದೆ. ಅಲ್ಲಿಗೆ ಆ ಸಂಪುಟ ಮುಗಿಯಿತು.

ಮುಂದಿನದನ್ನು ತೆಗೆಯಲು ಹೋದೆ. ಅಷ್ಟರಲ್ಲಿ ಮೈಸೂರು ಬಂತು.

ಮನೆಯಲ್ಲಿ ಅಜ್ಜಿ ಸರಸ್ವತಿ ಪೂಜೆಗೆ ಪುಸ್ತಕ ಜೋಡಿಸುತ್ತಿದ್ದರು. ಅಜ್ಜನ ಭಾರತ, ಚಿಕ್ಕಪ್ಪನ ಮಗನ ಒಂಬತ್ತನೇ ಕ್ಲಾಸಿನ ಪುಸ್ತಕಗಳು, ಹಳೇ ಪಂಚಾಂಗ. "ನಿನ್ನ ಹತ್ರ ಇರೋದೂ ಕೊಡೇ" ಅಂದರು. ಎರಡನ್ನೂ ಕೊಟ್ಟೆ. ಕೊಟ್ಟ ಮೇಲೆ ನೆನಪಾಯಿತು, ನಮ್ಮ ಮನೆಯಲ್ಲಿ ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿವರೆಗೆ ಓದೋ ಹಾಗಿಲ್ಲ.

59ನೇ ಸಂಪುಟದ ಹೆಸರು ಏನು ಗೊತ್ತಾ? 'ಪೋರ್ಟ್‌ಗಸ್ ಡಿ. ಏಸ್‌ನ ಸಾವು'. ಮುಖಪುಟದ ಮೇಲೇ ಇದೆ. ಅದರ ಮೇಲೆ ಅಜ್ಜಿ ಅರಿಶಿನ ಕುಂಕುಮ ಇಟ್ಟರು, ಒಂದು ಸೇವಂತಿಗೆ ಇಟ್ಟರು. ದೇವರ ಮನೆಯ ಮುಂದೆ ಹಾದಾಗಲೆಲ್ಲ ಆ ಹೆಸರು ಕಣ್ಣಿಗೆ ಬೀಳುತ್ತಿತ್ತು. ಆದರೂ ನಾನು ನಂಬಲಿಲ್ಲ.

"ಹೆಸರಲ್ಲೇ ಹಾಕಿದಾರಲ್ಲ ಅಕ್ಕ, ಇನ್ನೇನು ಬೇಕು?" ಅಂದ ತಮ್ಮ.

"ಪೆಲ್ ಕಥೆ ಏನಾಯ್ತು ಹೇಳು" ಅಂದೆ.

ಪೆಲ್ ಅಲಬಾಸ್ಟಾ ರಾಜ್ಯದ ಕಾವಲುಗಾರ, ಗಿಡುಗನ ರೂಪ ತಾಳಿ ಹಾರಬಲ್ಲವನು. 23ನೇ ಸಂಪುಟದಲ್ಲಿ ಸುತ್ತ ಐದು ಕಿಲೋಮೀಟರ್ ನಾಶ ಮಾಡುವ ಬಾಂಬನ್ನು ಊರಿನ ಮೇಲಿಂದ ಆಕಾಶಕ್ಕೆ ಎತ್ತಿಕೊಂಡು ಹೋಗುತ್ತಾನೆ. ಬಾಂಬ್ ಸಿಡಿಯುತ್ತದೆ. ನಾನು ಅವತ್ತು ಬಿಕ್ಕಿ ಬಿಕ್ಕಿ ಅತ್ತಿದ್ದೆ. ಊರವರು ಅವನಿಗೆ ಸಮಾಧಿಯನ್ನೂ ಕಟ್ಟಿದರು. ಸ್ವಲ್ಪ ಪುಟ ಆದ ಮೇಲೆ ನೋಡಿದರೆ ಆ ಸಮಾಧಿಯ ಮುಂದೆ ಪೆಲ್ ತಾನೇ ನಿಂತಿದ್ದಾನೆ! ಅದಕ್ಕೂ ಮುಂಚೆ ಅದೇ ರಾಜ್ಯದ ಇಗರಾಂ ಇದ್ದ ಹಡಗು ಸಿಡಿದಿತ್ತು. ಅವನೂ ವಾಪಸ್ ಬಂದ. ಖುಷಿಯಾಯಿತು, ನಿಜ. ಆದರೆ ನನ್ನೊಳಗೆ ಏನೋ ಮುರಿದೂ ಹೋಯಿತು. ಇನ್ನು ಮೇಲೆ ಯಾರಿಗೂ ಅಳಲ್ಲ ಅಂತ ತೀರ್ಮಾನ ಮಾಡಿದೆ. ಅತ್ತ ಮೇಲೆ ಅವರು ಎದ್ದು ಬಂದರೆ, ಅತ್ತಿದ್ದು ಎಲ್ಲಿಗೆ ಹೋಗಬೇಕು?

ಉದ್ದದ ಮಾಂಗಾ ಓದುವವರಿಗೆಲ್ಲ ಇದು ಗೊತ್ತಿರುತ್ತದೆ. 'ಡ್ರ್ಯಾಗನ್ ಬಾಲ್'ನಲ್ಲಿ ಏಳು ಚೆಂಡು ಸೇರಿಸಿ ಸತ್ತವರನ್ನು ಬದುಕಿಸುತ್ತಾರೆ. 'ನರುಟೊ'ದಲ್ಲಿ ಕಕಾಶಿ ಸತ್ತ, ಕೆಲವು ಅಧ್ಯಾಯ ಕಳೆದ ಮೇಲೆ ಕಣ್ಣು ಬಿಟ್ಟ. ವಾರ ವಾರ, ವರ್ಷಗಟ್ಟಲೆ ಜೊತೆಗಿರುವ ಪಾತ್ರಗಳು ಇವು. ಬಿಟ್ಟುಕೊಡೋದು ಬರೆಯುವವರಿಗೂ ಕಷ್ಟವೇ ಇರಬೇಕು.

ಆ ಮೂರು ದಿನ ನಾನು ಮನಸ್ಸಿನಲ್ಲೇ ವಾದ ಕಟ್ಟಿದೆ. ಐಚಿರೊ ಓಡಾ 1997ರಿಂದ ಈ ಕಥೆ ಬರೆಯುತ್ತಿದ್ದಾರೆ. ಅಲ್ಲಿಯವರೆಗೆ ನಮ್ಮನ್ನು ಅಳಿಸಿದ ಸಾವುಗಳೆಲ್ಲ ಹಳೇ ನೆನಪುಗಳಲ್ಲಿ ಬಂದವು. ಲೂಫಿಯ ಹಡಗಿನ ಜೊತೆಗಾರರಲ್ಲಿ ಜೋರೋನ ಗೆಳತಿ ಕುಯಿನಾ, ನಾಮಿಯ ಸಾಕುತಾಯಿ ಬೆಲ್‌ಮೇರ್, ಚಾಪರ್‌ನ ಡಾಕ್ಟರ್ ಹಿರುಲುಕ್. ಇವರೆಲ್ಲ ಕಥೆ ಶುರುವಾಗೋ ಮುಂಚೆಯೇ ಹೋದವರು. ಲೂಫಿಯ ಕಣ್ಣೆದುರು, ಲೂಫಿಯ ತೋಳಿನಲ್ಲಿ ಅವನಿಗೆ ಇಷ್ಟು ಹತ್ತಿರದವರು ಯಾರೂ ಸತ್ತಿರಲಿಲ್ಲ. ಹಾಗಾಗಿ ಏಸ್ ಬದುಕುತ್ತಾನೆ. ಮುಖಪುಟದ ಹೆಸರು ಸುಮ್ನೆ ಹೆದರಿಸೋಕೆ. ಆಯುಧಪೂಜೆಯ ದಿನ ಬೂದುಗುಂಬಳ ಒಡೆಯುವಾಗಲೂ ಇದನ್ನೇ ಯೋಚಿಸುತ್ತಿದ್ದೆ.

ವಿಜಯದಶಮಿ ಬೆಳಿಗ್ಗೆ ಅಜ್ಜಿ ಮಂಗಳಾರತಿ ಮಾಡಿ, ಎಲ್ಲರಿಗೂ ಅವರವರ ಪುಸ್ತಕ ಕೊಟ್ಟು, "ನಾಲ್ಕು ಸಾಲು ಓದಿ ಏಳಿ" ಅಂದರು. ನಾನು ಕುಂಕುಮ ಒರೆಸದೆ ಹಾಗೇ ತೆರೆದೆ.

ಏಸ್ ಲೂಫಿಯ ಹೆಗಲ ಮೇಲೆ ಕುಸಿದಿದ್ದ. ಇಂಥ ನನ್ನನ್ನು ಪ್ರೀತಿಸಿದಿರಲ್ಲ ಅಂತ ಎಲ್ಲರಿಗೂ ಧನ್ಯವಾದ ಹೇಳುತ್ತಿದ್ದ. ಅಲ್ಲಿಗೂ ನಾನು ಗಟ್ಟಿಯಾಗೇ ಇದ್ದೆ. ಪೆಲ್‌ನ ನೆನಪು ಬಿಟ್ಟಿರಲಿಲ್ಲ. ಆಮೇಲೆ ಆ ಕಾಗದ ಬಂತು.

ಏಸ್ ಅಲಬಾಸ್ಟಾದಲ್ಲೇ ಲೂಫಿಗೆ ಒಂದು ಚೂರು ಕಾಗದ ಕೊಟ್ಟಿದ್ದ. ವಿವ್ರೆ ಕಾರ್ಡ್. ಒಬ್ಬರ ಉಗುರಿನ ಚೂರು ಸೇರಿಸಿ ಮಾಡುವ ಕಾಗದ ಅದು. ಅವರು ಎಲ್ಲೇ ಇರಲಿ, ಅವರ ಕಡೆಗೇ ಸರಿಯುತ್ತದೆ. ಅವರ ಜೀವ ಕುಂದಿದರೆ ಅದೂ ಸುಟ್ಟು ಚಿಕ್ಕದಾಗುತ್ತದೆ. ಅದು ಚಿಕ್ಕದಾಗುವುದನ್ನು ಲೂಫಿ ನೋಡಿದ್ದ, ಅಣ್ಣನಿಗೆ ಮರಣದಂಡನೆ ಅಂತ ಗೊತ್ತಾದ ಮೇಲೆ ಅವನನ್ನು ಉಳಿಸಲು ಓಡಿಬಂದಿದ್ದ. ಈಗ ಆ ಕೊನೆಯ ಚೂರು ಉರಿದು ಇಲ್ಲವಾಯಿತು.

ಸಮಾಧಿ ಸುಳ್ಳಾಗಬಹುದು, ಅದನ್ನು ಕಟ್ಟಿದವರು ಮನುಷ್ಯರು. ಹೆಸರು ಸುಳ್ಳಾಗಬಹುದು. ಆದರೆ ಈ ಕಾಗದದ ನಿಯಮವನ್ನು ಓಡಾ ಬಹಳ ಹಿಂದೆಯೇ ಹೇಳಿಟ್ಟಿದ್ದರು. ಆ ಕಥೆಯೊಳಗೆ ಅದು ಸುಳ್ಳು ಹೇಳಲ್ಲ. ನನ್ನ ಮೂರು ದಿನದ ವಾದ ಆ ಚೂರಿನ ಜೊತೆಗೇ ಉರಿದುಹೋಯಿತು.

ಅಳು ಜೋರಾಗೇ ಬಂತು. ಅಜ್ಜಿ ಆರತಿ ತಟ್ಟೆ ಹಿಡಿದೇ ಬಂದರು.

"ಯಾಕೇ? ಯಾರು ಹೋದ್ರು?"

ಪುಸ್ತಕ ತೋರಿಸಿದೆ. ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. ಪಕ್ಕದಲ್ಲಿ ಕೂತರು.

"ಎಷ್ಟು ವಯಸ್ಸು?"

"ಇಪ್ಪತ್ತು."

"ಅಯ್ಯೋ ಮಗುವೇ. ತಾಯಿ ಇದಾಳಾ?"

ಇಲ್ಲ ಅಂದೆ. ಅಪ್ಪ ಕಡಲ್ಗಳ್ಳರ ರಾಜ, ಅವನ ಮಗು ಹುಟ್ಟಿದರೆ ಕೊಲ್ಲಬೇಕು ಅಂತ ಸರ್ಕಾರ ಹುಡುಕುತ್ತಿತ್ತು, ಅದಕ್ಕೇ ತಾಯಿ ಇಪ್ಪತ್ತು ತಿಂಗಳು ಬಸಿರಲ್ಲೇ ಇಟ್ಟುಕೊಂಡು, ಹೆತ್ತ ಕೂಡಲೇ ಹೋಗಿಬಿಟ್ಟಳು ಅಂತ ಹೇಳಿದೆ.

"ಇಪ್ಪತ್ತು ತಿಂಗಳು" ಅಂದರು ಅಜ್ಜಿ. ಆ ಪುಟವನ್ನು ಬಹಳ ಹೊತ್ತು ನೋಡಿದರು. "ತಮ್ಮ ಇವನೇನಾ? ಈ ಟೋಪಿ ಹುಡುಗ? ಪಾಪ, ಇವನನ್ನ ನೋಡ್ಕೊಳೋರು ಯಾರು ಈಗ?"

ಅಜ್ಜಿಗೆ ಪೆಲ್ ಗೊತ್ತಿಲ್ಲ, ಕಾಗದ ಗೊತ್ತಿಲ್ಲ. ಒಂದೇ ಪುಟ ನೋಡಿ ನಂಬಿದರು. ನನಗೆ 58 ಸಂಪುಟ ಓದಿದ ಮೇಲೂ ಪುರಾವೆ ಬೇಕಿತ್ತು.

ಆಮೇಲೊಮ್ಮೆ ರಿಕಿಶಿ ತೋರು ಬಗ್ಗೆ ಓದಿದೆ. 'ಅಶಿತಾ ನೋ ಜೋ' ಎಂಬ ಬಾಕ್ಸಿಂಗ್ ಮಾಂಗಾದಲ್ಲಿ ನಾಯಕನ ಎದುರಾಳಿ ಅವನು. ಅವನು ಸತ್ತಾಗ 1970ರ ಮಾರ್ಚ್ 24ರಂದು ಟೋಕಿಯೊದಲ್ಲಿ, ಪ್ರಕಾಶಕರಾದ ಕೊಡಾನ್ಶಾ ಕಟ್ಟಡದಲ್ಲೇ ಅಂತ್ಯಕ್ರಿಯೆಯ ವಿಧಿ ನಡೆಯಿತಂತೆ. ಕವಿ, ನಾಟಕಕಾರ ಶುಜಿ ತೆರಾಯಾಮಾ ಮುಂದೆ ನಿಂತು ನಡೆಸಿದರು. ಸುಮಾರು 700 ಜನ ಬಂದರು. ಕಾಗದದ ಮೇಲಿನ ಹುಡುಗನಿಗೆ! ನನಗದು ವಿಚಿತ್ರ ಅನ್ನಿಸಲಿಲ್ಲ. ಅಜ್ಜಿ ಅಲ್ಲಿದ್ದಿದ್ದರೆ ಅವರೂ ಹೋಗುತ್ತಿದ್ದರು.

60ನೇ ಸಂಪುಟದಲ್ಲಿ ಲೂಫಿ ಮತ್ತು ಏಸ್‌ನ ಬಾಲ್ಯ ಬರುತ್ತದೆ. ಅಲ್ಲಿ ಸಾಬೊ ಅನ್ನೋ ಮೂರನೇ ಹುಡುಗ ಇದ್ದಾನೆ. ಮೂವರೂ ಸೇರಿ ಅಣ್ಣತಮ್ಮಂದಿರಾಗುತ್ತಾರೆ. ಒಂದು ದಿನ ಸಾಬೊ ಒಬ್ಬನೇ ಸಮುದ್ರಕ್ಕೆ ಹೊರಡುತ್ತಾನೆ. ದೊಡ್ಡ ಮನುಷ್ಯನೊಬ್ಬ ಅವನ ದೋಣಿಗೆ ಗುಂಡು ಹೊಡೆಯುತ್ತಾನೆ. ನಾನು ಈ ಸಲ ಅನುಮಾನ ಪಡಲಿಲ್ಲ. ಪೂರ್ತಿ ನಂಬಿದೆ, ಮನಸಾರೆ ಅತ್ತೆ. ಏಸ್‌ನನ್ನು ನಂಬದೇ ಕಾಯಿಸಿದ ಸಾಲ ತೀರಿಸುವ ಹಾಗೆ.

ಮುಂದಿನ ಯುಗಾದಿ ಹೊತ್ತಿಗೆ ದ್ರೆಸ್‌ರೋಸಾ ಅನ್ನೋ ರಾಜ್ಯದ ಕಥೆಗೆ ಬಂದೆ. ಅಲ್ಲಿ ಪಂದ್ಯ ಗೆದ್ದವರಿಗೆ ಬಹುಮಾನ, ಏಸ್‌ಗೆ ಬೆಂಕಿಯ ಶಕ್ತಿ ಕೊಟ್ಟಿದ್ದ ಹಣ್ಣು. ಆ ಲೋಕದಲ್ಲಿ ಒಂದು ಶಕ್ತಿಯ ಹಣ್ಣು ತಿಂದವರು ಬದುಕಿರುವ ತನಕ ಇನ್ನೊಂದು ಅಂಥದ್ದು ಇರೋಲ್ಲ. ಅವರು ಸತ್ತರೆ ಮಾತ್ರ ಅದು ಮತ್ತೆ ಹುಟ್ಟುತ್ತದೆ. ಅಂದರೆ ಆ ಹಣ್ಣು ಅಲ್ಲಿ ಇರುವುದೇ ಏಸ್ ಇಲ್ಲ ಅನ್ನೋದಕ್ಕೆ ಇನ್ನೊಂದು ಸಾಕ್ಷಿ. ಅದನ್ನು ಗೆಲ್ಲಲು ಬಂದವನು ಯಾರು? ಸಾಬೊ. ಜಪಾನಿನ ಓದುಗರು ಅವನಿಗಾಗಿ ಮೂರು ವರ್ಷಕ್ಕೂ ಹೆಚ್ಚು ಕಾದಿದ್ದರು. ಸತ್ತ ಅಂದುಕೊಂಡವನು ಬಂದು, ನಿಜವಾಗಿ ಸತ್ತವನ ಬೆಂಕಿಯನ್ನು ನುಂಗಿದ. ಅವನು ಬಂದಿದ್ದಕ್ಕೆ ಅತ್ತೆನೋ, ಏಸ್‌ಗಾಗಿ ಇನ್ನೊಮ್ಮೆ ಅತ್ತೆನೋ, ಬೇರೆ ಬೇರೆ ಮಾಡಿ ಹೇಳಲಾರೆ.

ಆ ರಾತ್ರಿ ಅಜ್ಜಿಗೆ ಫೋನ್ ಮಾಡಿದೆ.

"ಅಜ್ಜಿ, ಆ ಟೋಪಿ ಹುಡುಗನಿಗೆ ಇನ್ನೊಬ್ಬ ಅಣ್ಣ ಇದ್ದ. ಚಿಕ್ಕವನಿದ್ದಾಗಲೇ ಹೋದ ಅಂದ್ಕೊಂಡಿದ್ರು. ಬದುಕಿದಾನೆ. ಏನೂ ನೆನಪಿರಲಿಲ್ಲವಂತೆ, ಅದಕ್ಕೇ ಬಂದಿರಲಿಲ್ಲ."

"ಸದ್ಯ, ಒಬ್ಬರಾದ್ರೂ ಇದಾರಲ್ಲ ಆ ಮಗೂಗೆ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇಪ್ಪತ್ತು ವರ್ಷದವನು ಹೋದ್ನಲ್ಲ, ಆ ವಿಷಯ ಇವನಿಗೆ ಗೊತ್ತಾ?"

"ಪೇಪರಲ್ಲಿ ನೋಡಿದ ಅಜ್ಜಿ. ಅದನ್ನ ಓದಿದಾಗಲೇ ಅವನಿಗೆ ಎಲ್ಲಾ ನೆನಪಾಗಿದ್ದು."