ಹೊಳವಾದ ಭಾನುವಾರ, ಸಾರಂಗದ ಹೊತ್ತು

ಭಾನುವಾರ ಬೆಳಗ್ಗೆ ಏಳಕ್ಕೆ ಆಯಿಯ ಫೋನು. "ಕೂಸೇ, ಅಲ್ಲಿ ಬಿಸ್ಲು ಬೈಂದಾ?"

ಶಿರಸಿ ಕಡೆ ಇನ್ನೂ ಮೋಡವಂತೆ. ಕಾರವಾರದಲ್ಲಿ ಬಂದಿತ್ತು. ಹದಿಮೂರು ದಿನ ಬಿಡದೆ ಹೊಯ್ದ ಮಳೆ ರಾತ್ರಿ ಯಾವಾಗಲೋ ನಿಂತಿತ್ತು. ಕಿಟಕಿ ಸರಳಿನ ನೆರಳು ನೆಲದ ಮೇಲೆ ಬಿದ್ದಿತ್ತು. ನಮ್ಮ ಕಡೆ ಇದಕ್ಕೆ ಹೊಳ ಅಂತೀವಿ. ಆಗಸ್ಟ್ ತಿಂಗಳಲ್ಲಿ, ಅದೂ ರಜೆಯ ದಿನವೇ ಹೊಳವಾದರೆ ನನಗೆ ಅದು ಹಬ್ಬ.

ಮೊದಲು ಹಾಸಿಗೆ, ದಿಂಬು, ಕಂಬಳಿ ಎಲ್ಲ ಅಂಗಳಕ್ಕೆ. ಕಪಾಟಿನ ಬಾಗಿಲು ಹಾರು ಹೊಡೆದು ಇಟ್ಟೆ. ಆಮೇಲೆ ಅಪ್ಪನ ಕ್ಯಾಸೆಟ್ ಪೆಟ್ಟಿಗೆ.

ಅಪ್ಪ ಹೋಗಿ ಆರು ವರ್ಷವಾಯಿತು. ಅರವತ್ತನಾಲ್ಕು ಕ್ಯಾಸೆಟ್ ಬಿಟ್ಟು ಹೋಗಿದ್ದಾರೆ. ಕರಾವಳಿಯ ಮಳೆಗಾಲದಲ್ಲಿ ಕ್ಯಾಸೆಟ್ ಉಳಿಸಿಕೊಳ್ಳುವುದು ಸುಲಭದ ಕೆಲಸವಲ್ಲ. ಟೇಪಿನ ಸುರುಳಿಯ ಅಂಚಿಗೆ ಹಿಟ್ಟು ಉದುರಿಸಿದ ಹಾಗೆ ಬಿಳಿ ಚುಕ್ಕೆ ಬರುತ್ತದೆ. ಬೂಸಲು. ಅದನ್ನು ಹಾಗೇ ಹಾಕಿದರೆ ಪ್ಲೇಯರಿನ ಹೆಡ್ಡಿಗೆ ಅಂಟಿ, ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಬಿಸಿಲಿಗೆ ಇಟ್ಟರೂ ಕೆಟ್ಟಿತು, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಹಾಗಾಗಿ ಜಗಲಿಯ ನೆರಳಲ್ಲಿ, ಗಾಳಿ ಆಡುವ ಕಡೆ ಚಾಪೆ ಹಾಸಿ ಒಂದೊಂದಾಗಿ ನಿಲ್ಲಿಸುತ್ತೇನೆ. ಕೈಗೆ ಬಂದದ್ದನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಚೆನ್ನಾಗಿದ್ದರೆ ಒಮ್ಮೆ ಪೂರ್ತಿ ಮುಂದೆ, ಒಮ್ಮೆ ಪೂರ್ತಿ ಹಿಂದೆ ಓಡಿಸಿ ಸುರುಳಿ ಸಡಿಲ ಮಾಡುತ್ತೇನೆ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸುತ್ತೇನೆ. ನಾನು ಕೆಲಸ ಮಾಡುವುದು ಮೆಡಿಕಲ್ ಶಾಪಿನಲ್ಲಿ. ಖಾಲಿ ಮಾತ್ರೆ ಡಬ್ಬಿಗಳಲ್ಲಿ ಸಿಗುವ ಸಿಲಿಕಾ ಜೆಲ್ ಪುಡಿಕೆಗಳನ್ನು ವರ್ಷವಿಡೀ ಕೂಡಿಟ್ಟು ಈ ಪೆಟ್ಟಿಗೆಗೆ ಹಾಕುತ್ತೇನೆ. ಮಳೆಗಾಲದಲ್ಲಿ ಅಪ್ಪನ ಸಂಗೀತವನ್ನು ಕಾಯುವುದು ಆ ಪುಟ್ಟ ಪುಡಿಕೆಗಳು.

ಅಷ್ಟು ಹೊತ್ತಿಗೆ ಬಾಜೂಮನೆ ಅಜ್ಜಿ ಮರಾಠಿ ಅಭಂಗ ಹಚ್ಚಿದ್ದರು. ಶ್ರಾವಣ ಅಲ್ವಾ, ದಿನಾ ಬೆಳಗ್ಗೆ ಇರುತ್ತದೆ. ದನಿ ಭೀಮಸೇನ ಜೋಶಿಯವರದು. ಗದಗದ ಕಡೆ ಹುಟ್ಟಿದವರು, ಪುಣೆಯಲ್ಲಿ ಬಾಳಿದವರು, ಕನ್ನಡದ ದಾಸರಪದವನ್ನೂ ಮರಾಠಿ ಅಭಂಗವನ್ನೂ ಅದೇ ತುಂಬು ದನಿಯಲ್ಲಿ ಹಾಡಿದವರು. ಕಾರವಾರಕ್ಕೆ ಇದಕ್ಕಿಂತ ಹೊಂದುವ ದನಿ ಬೇರೆ ಇಲ್ಲ ಅಂತ ನನಗೆ ಅನಿಸುತ್ತದೆ. ಇಲ್ಲಿ ಒಂದೇ ಕಟ್ಟೆಯ ಮೇಲೆ ಕೂತು ಕೊಂಕಣಿ, ಮರಾಠಿ, ಕನ್ನಡ ಮೂರನ್ನೂ ಮಾತಾಡುತ್ತಾರೆ. ಭೀಮಸೇನರು ಹಾಡಿದರೆ ಮೂರೂ ಭಾಷೆಯವರು ತಲೆದೂಗುತ್ತಾರೆ.

ಬೆಳಗಿನ ಸಂಗೀತ ಅಜ್ಜಿ ಮನೆಯದು. ನನ್ನದು ಮಧ್ಯಾಹ್ನ.

ಅದಕ್ಕೆ ಕಾರಣ ಇದೆ. ವಾರದಲ್ಲಿ ಆರು ದಿನ ನಾನು ಮಧ್ಯಾಹ್ನವನ್ನು ನೋಡುವುದೇ ಇಲ್ಲ. ಒಂಬತ್ತೂವರೆಗೆ ಅಂಗಡಿ ಒಳಗೆ ಹೋದರೆ ಟ್ಯೂಬ್ ಲೈಟಿನ ಕೆಳಗೆ ಹನ್ನೆರಡೂ ಒಂದೇ, ನಾಲ್ಕೂ ಒಂದೇ. ಬೆಳಗು ಸಿಗುತ್ತದೆ, ರಾತ್ರಿ ಸಿಗುತ್ತದೆ, ನಡುವಿನದು ಸಿಗುವುದಿಲ್ಲ. ಹಿಂದುಸ್ತಾನಿ ಸಂಗೀತ ಕೇಳುವವರಿಗೂ ಹೆಚ್ಚು ಕಡಿಮೆ ಇದೇ ಕಥೆ. ಅಲ್ಲಿ ಒಂದೊಂದು ರಾಗಕ್ಕೂ ಹಾಡುವ ಹೊತ್ತು ಅಂತ ಇದೆ. ಕಛೇರಿಗಳು ನಡೆಯುವುದು ಸಂಜೆ. ಯಮನ್, ಪೂರಿಯಾ, ದರಬಾರಿಯಂಥ ಸಂಜೆ, ರಾತ್ರಿಯ ರಾಗಗಳು ಬೇಕಷ್ಟು ಸಿಗುತ್ತವೆ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಭೀಮಸೇನರ ಗುರು ಸವಾಯಿ ಗಂಧರ್ವರ ಪುಣ್ಯತಿಥಿಗೆ ರಾತ್ರಿಯಿಡೀ ಹಾಡುತ್ತಾರೆ. ಅಪ್ಪ ಶಿರಸಿಯಿಂದ ಬಸ್ಸು ಹತ್ತಿ ಹೋಗುತ್ತಿದ್ದರು. ಅಲ್ಲಿ ಬೆಳಗಿನ ರಾಗಗಳೂ ಸಿಗುತ್ತವೆ. ಆದರೆ ಉರಿಬಿಸಿಲಿನ ಹೊತ್ತಿನ ಸಾರಂಗಗಳನ್ನು ಎದುರು ಕೂತು ಕೇಳುವ ಅವಕಾಶ ತುಂಬಾ ಕಡಿಮೆ. ಶುದ್ಧ ಸಾರಂಗ, ಗೌಡ ಸಾರಂಗ, ವೃಂದಾವನಿ ಸಾರಂಗ... ಎಲ್ಲ ಒಳ್ಳೊಳ್ಳೆ ರಾಗಗಳು.

ಅವಕ್ಕೆ ಜಾಗ ಕೊಟ್ಟದ್ದು ರೇಡಿಯೋ. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾಯಿತು. ಮೀಡಿಯಂ ವೇವ್, 765 ಕಿಲೋಹರ್ಟ್ಸ್. ಆ ಅಂಕಿ ನಮ್ಮನೆ ರೇಡಿಯೋದ ಗಾಜಿನ ಮೇಲೆ ಎಲ್ಲಿತ್ತು ಅಂತ ಈಗಲೂ ಬೆರಳಿಟ್ಟು ತೋರಿಸಬಲ್ಲೆ. ಮುಳ್ಳನ್ನು ಯಾರೂ ಅಲ್ಲಿಂದ ಕದಲಿಸುವಂತಿರಲಿಲ್ಲ. ಮಧ್ಯಾಹ್ನ ಹಾಡುವವರು ಮಧ್ಯಾಹ್ನದ ರಾಗವನ್ನೇ ಹಾಡುತ್ತಿದ್ದರು. ತೋಟದ ಕೆಲಸ ಮುಗಿಸಿ ಬಂದ ಅಪ್ಪ ಕಾಲು ತೊಳೆದು, ಊಟಕ್ಕೆ ಮೊದಲು ಅದರೆದುರು ಕೂರುತ್ತಿದ್ದರು.

ಹಾಗೆ ಕೂತು ಹಿಡಿದಿಟ್ಟದ್ದೇ ಈ ಕ್ಯಾಸೆಟ್ಟುಗಳು. ಹಿಡಿದಿಟ್ಟದ್ದು ಅಂದರೆ, ರೇಡಿಯೋದ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಎರಡು ಗುಂಡಿ ಒಟ್ಟಿಗೆ ಒತ್ತುವುದು, ಅಷ್ಟೇ. ನಡುವೆ ವೈರು ಇಲ್ಲ. ಎಲ್ಲೋ ದೂರದಲ್ಲಿ ಮಿಂಚಿದರೂ ಮೀಡಿಯಂ ವೇವಿನಲ್ಲಿ ಚರಚರ ಸದ್ದು ಬರುತ್ತದೆ. ಹಾಗಾಗಿ ಮಳೆಯ ದಿನ ಅಪ್ಪ ರೆಕಾರ್ಡ್ ಮಾಡುತ್ತಿರಲಿಲ್ಲ. ಚೆನ್ನಾಗಿ ಬಂದ ಕ್ಯಾಸೆಟ್ಟಿನ ಚೀಟಿಯ ಮೇಲೆ ರಾಗ, ಹಾಡಿದವರು, ತಾರೀಖು, ಆಮೇಲೆ ಮೂಲೆಯಲ್ಲಿ ಒಂದು ಪದ: ಹೊಳ.

ಹನ್ನೆರಡೂವರೆಗೆ ನಾನು ಹಾಕಿದ್ದು ಅಂಥದ್ದೇ ಒಂದು. ವೃಂದಾವನಿ ಸಾರಂಗ, ಭೀಮಸೇನ ಜೋಶಿ, ಅಕ್ಟೋಬರ್ 1987, ಹೊಳ.

ಈ ರಾಗದಲ್ಲಿ ಗಾಂಧಾರ ಇಲ್ಲ, ಧೈವತ ಇಲ್ಲ. ಸ ರಿ ಮ ಪ ನಿ, ಐದೇ ಸ್ವರ. ಮಧ್ಯಾಹ್ನದ ಅಂಗಳದ ಹಾಗೆ ಬಯಲು ಬಯಲು. ಆದರೆ ನಿಷಾದ ಎರಡು. ಏರುವಾಗ ಶುದ್ಧ ನಿಷಾದ, ಇಳಿಯುವಾಗ ಕೋಮಲ. ಮೇಲಿನ ಷಡ್ಜಕ್ಕೆ ಹೋಗುವಾಗ ಆ ಶುದ್ಧ ನಿಷಾದ ಕಣ್ಣು ಕಿರಿದು ಮಾಡುವಷ್ಟು ಹೊಳೆಯುತ್ತದೆ. ಇಳಿಯುತ್ತ ಕೋಮಲ ನಿಷಾದ ತಾಗಿದಾಗ ಬಿಸಿಲಿಂದ ಜಗಲಿಗೆ ಕಾಲಿಟ್ಟ ಹಾಗಿರುತ್ತದೆ. ಭೀಮಸೇನರು ರಿಷಭದ ಮೇಲೆ ನಿಲ್ಲುತ್ತಾರಲ್ಲ, ಆ ನಿಲುಗಡೆ ನನಗೆ ಜೀವ. ಸುಮ್ನೆ ನಿಲ್ಲುತ್ತಾರೆ. ಎಲ್ಲಿಗೂ ಹೋಗುವ ಅವಸರ ಇಲ್ಲ.

ಹಾಡಿನ ಹಿಂದೆ ನಮ್ಮನೆಯ ಮಧ್ಯಾಹ್ನವೂ ಇದೆ. ಬಾವಿಯ ರಾಟೆ ಕಿರ್ರೆನ್ನುತ್ತದೆ. ಕರು ಒಮ್ಮೆ ಕೂಗುತ್ತದೆ. ನಾನೋ ನನ್ನ ಅಣ್ಣನೋ ಏನನ್ನೋ ದಬಕ್ಕನೆ ಬೀಳಿಸುತ್ತೇವೆ, ಆ ಕೂಡಲೇ ಅಪ್ಪನ "ಶ್!" ಹದಿನೆಂಟನೇ ನಿಮಿಷಕ್ಕೆ, ದ್ರುತ್, ಅಂದರೆ ವೇಗದ ಭಾಗ, ಶುರುವಾಗಿ ತಬಲಾ ಓಡುತ್ತಿರುವಾಗ, ಅಡುಗೆಮನೆಯಿಂದ ಆಯಿ ಕೇಳುತ್ತಾಳೆ: "ಬಾಳೆ ಹಾಕಿದ್ದಿ, ಬತ್ರಾ?"

ಅಪ್ಪ ಉತ್ತರ ಕೊಡುವುದಿಲ್ಲ. ಭೀಮಸೇನರ ತಾನ್ ಮುಂದೆ ಹೋಗುತ್ತದೆ.

ಈಗ ಫೋನಿನಲ್ಲಿ ಇದೇ ರಾಗ, ಇದೇ ಗಾಯಕರ ದನಿಯಲ್ಲಿ, ಒಂದು ಚೂರೂ ಚರಚರ ಇಲ್ಲದೆ ಸಿಗುತ್ತದೆ. ಕೇಳಿದ್ದೇನೆ, ಚೆನ್ನಾಗಿದೆ. ಪ್ರತಿ ಹರಕತ್ತೂ, ದನಿಯ ಸಣ್ಣ ಬಳುಕೂ ಸ್ಪಷ್ಟ. ಆದರೆ ಅದರಲ್ಲಿ ಮಧ್ಯಾಹ್ನ ಇಲ್ಲ. ನಮ್ಮ ಕ್ಯಾಸೆಟ್ಟಿನಲ್ಲಿ ರಾಗವೂ ಇದೆ, ಆ ರಾಗದ ಹೊತ್ತೂ ಇದೆ. ಆಯಿ ಊಟಕ್ಕೆ ಕರೆದದ್ದು ಕೇಳಿದ ಮೇಲೇ ನಾನು ಎದ್ದು ಅನ್ನ ಬಡಿಸಿಕೊಳ್ಳುವುದು. ಈ ಸಲ ಒಂದೆಲಗದ ತಂಬುಳಿ ಮಾಡಿದ್ದೆ. ತಟ್ಟೆ ತಂದು ಜಗಲಿಯಲ್ಲೇ ಕೂತೆ. ಟೇಪು ಮುಗಿದು ಟಕ್ ಅಂತ ಗುಂಡಿ ಮೇಲೆ ಬಂತು. ಬೈತಕೋಲ ಬಂದರಿನ ಕಡೆಯಿಂದ ಬೋಟಿನ ಸದ್ದು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದಲ್ಲ, ಆಗ ಈ ಸದ್ದು ಇರುವುದಿಲ್ಲ. ಇಲ್ಲದಾಗಲೇ ಗೊತ್ತಾಗುವುದು ಅದನ್ನು ಎಷ್ಟು ಕೇಳುತ್ತಿದ್ದೆ ಅಂತ.

ಮೂರು ಗಂಟೆಗೆ ಬಟ್ಟೆ ಮಡಚುತ್ತ ಭೀಮಪಲಾಸ್ ರಾಗ ಕೇಳಿದೆ. ಗಂಗೂಬಾಯಿ ಹಾನಗಲ್ ಅವರದು. ಆ ಗಟ್ಟಿ, ಗಂಭೀರ ದನಿಗೆ ಇಳಿಬಿಸಿಲು ಚೆನ್ನಾಗಿ ಒಪ್ಪುತ್ತದೆ.

ಐದಕ್ಕೆ ಟ್ಯಾಗೋರ್ ಬೀಚಿಗೆ ಹೋದೆ. ಸೂರ್ಯ ಮುಳುಗುವ ಹೊತ್ತಿಗೆ ಮಾರವಾ ಕೇಳಬೇಕು ಅಂತ ಯಾವಾಗಲೂ ಅಂದುಕೊಳ್ಳುತ್ತೇನೆ. ಪಂಚಮವೇ ಇಲ್ಲದ, ಷಡ್ಜಕ್ಕೆ ಬೇಗ ಬಂದು ಸೇರದ ರಾಗ, ಕೇಳುವವರನ್ನು ನೆಲ ಸಿಗದ ಹಾಗೆ ತೇಲಿಸುತ್ತದೆ. ಆದರೆ ಆಗಸ್ಟಿನ ಕಡಲು ಇಯರ್‌ಫೋನಿನೊಳಗೂ ನುಗ್ಗುತ್ತದೆ. ತೆಗೆದು ಜೇಬಿಗೆ ಹಾಕಿಕೊಂಡೆ. ಕೂರ್ಮಗಡ ದ್ವೀಪದ ಹಿಂದೆ ಕಪ್ಪು ಮೋಡ ಏಳುತ್ತಿತ್ತು. ಓಡಿ ಬಂದೆ.

ಕ್ಯಾಸೆಟ್ಟುಗಳನ್ನು ಪುಡಿಕೆ ಸಮೇತ ಪೆಟ್ಟಿಗೆಗೆ ತುಂಬಿದೆ. ಕಂಬಳಿ, ದಿಂಬು, ಕೊನೆಗೆ ಹಾಸಿಗೆ ಒಳಗೆ ಎಳೆದುಕೊಳ್ಳುವಾಗ ಮೊದಲ ಹನಿ ಬಿತ್ತು. ಒಂಬತ್ತಕ್ಕೆ ಮತ್ತೆ ಆಯಿಯ ಫೋನು. ಶಿರಸಿಯಲ್ಲಿ ದಿನವಿಡೀ ಮಳೆಯಂತೆ. ಇಲ್ಲೂ ಹಿಡಿಯಿತು ಅಂದೆ. ಹಂಚಿನ ಮೇಲೆ ಜೋರಾಗಿ ಸುರಿಯುತ್ತಿತ್ತು, ಅವಳ ಮಾತು ಅರ್ಧವೂ ಕೇಳಿಸಲಿಲ್ಲ. ಹಾಸಿಗೆ ಇನ್ನೂ ಬೆಚ್ಚಗಿತ್ತು.