ಹಳೆ ಕಂಪ್ಯೂಟರಿನ ಡೇಟಾ ಬಸ್ಸಿಗೆ ಯಾವ 245?

ಮಂಗಳೂರಿನ ಅಂಗಡಿಗೆ ಹೋಗಿ ಬರೀ "245 ಕೊಡಿ" ಎನ್ನಬೇಡಿ. 245 ಎಂದರೆ ಪ್ರೊಸೆಸರ್ ಮತ್ತು ಕಾರ್ಡುಗಳ ನಡುವೆ ಎಂಟು ದತ್ತಾಂಶ ಗೆರೆಗಳನ್ನು ಎರಡೂ ದಿಕ್ಕಿಗೆ ದಾಟಿಸುವ ಬಫರ್ ಚಿಪ್; 74ಎಚ್‌ಸಿ245, 74ಎಚ್‌ಸಿಟಿ245, 74ಎಲ್‌ಎಸ್245, 74ಎಸಿಟಿ245 ಎಂದು ಅದರಲ್ಲಿ ಹಲವು ಬಗೆ. 74ರ ಪಕ್ಕದ ಅಕ್ಷರಗಳನ್ನೂ ಸೇರಿಸಿ ಕೇಳಿ. ಕಾಸರಗೋಡಿನ ನಮ್ಮ ರಿಪೇರಿ ಬೆಂಚಿಗೆ 6502 ಅಥವಾ ಝಡ್80 ಪ್ರೊಸೆಸರಿನ ಬೋರ್ಡ್ ಬಂದು, ಬಫರ್ ಬದಲಿಸಿದ ಮೇಲೂ ಅದು ಸತಾಯಿಸುತ್ತಿದೆ ಎಂದರೆ ನಾವು ಮೊದಲು ಓದುವುದು ಆ ಅಕ್ಷರಗಳನ್ನೇ.

ಇಂಥ ಹಳೆಯ ಎನ್‌ಮಾಸ್ (ಆಗಿನ ಚಿಪ್ ತಯಾರಿಕೆಯ ಬಗೆ) ಪ್ರೊಸೆಸರ್ '1' ಎಂದು ಖಾತ್ರಿಯಾಗಿ ಕೊಡುವುದು 2.4 ವೋಲ್ಟ್ ಮಾತ್ರ. 74ಎಚ್‌ಸಿ245 ಅದನ್ನು '1' ಎಂದು ಒಪ್ಪಲು 3.5 ವೋಲ್ಟ್ ಬೇಕು. ಎಚ್‌ಸಿಟಿಗೆ, ಎಲ್‌ಎಸ್‌ಗೆ 2 ಸಾಕು. ಒಂದೇ ಕಾರ್ಡ್ ಹಾಕಿ ನೋಡಿದರೆ ಎಚ್‌ಸಿಯೂ ಓಡುತ್ತದೆ, ಏಕೆಂದರೆ ಲೋಡ್ ಕಡಿಮೆಯಿದ್ದಾಗ ಪ್ರೊಸೆಸರಿನ ಮಟ್ಟ 2.4ಕ್ಕಿಂತ ಸಾಕಷ್ಟು ಮೇಲೇರುತ್ತದೆ. ಇನ್ನೆರಡು ಕಾರ್ಡ್ ಸೇರಿಸಿ, ಅಲ್ಲೊಂದು ಇಲ್ಲೊಂದು ಬೈಟ್ ತಪ್ಪತೊಡಗುತ್ತದೆ.

ಹಾಗಾಗಿ ಬೋರ್ಡಿನೊಳಗಿನ ಬಸ್ಸಿಗೆ ಎಚ್‌ಸಿಟಿ. ಉದ್ದದ ರಿಬ್ಬನ್ ಕೇಬಲ್ ಅಥವಾ ತುಂಬ ಟಿಟಿಎಲ್ (ಎಲ್‌ಎಸ್‌ನಂಥ ಹಳೆ ಬಗೆಯ) ಚಿಪ್ಪುಗಳ ಲೋಡ್ ಇದ್ದರೆ ಎಲ್‌ಎಸ್: ಗೆರೆಯನ್ನು ಲೋ ಮಾಡುವಾಗ ಎಚ್‌ಸಿಟಿ ಅದರಿಂದ 6 ಮಿಲಿಆಂಪ್ ಎಳೆಯಬಲ್ಲದಾದರೆ ಇದು 24 ಎಳೆಯಬಲ್ಲದು. ಎಸಿಟಿಯದೂ 24 ಹೌದು, ಆದರೆ ಅದರ ಅಂಚು, ಅಂದರೆ 0 ಮತ್ತು 1ರ ನಡುವಿನ ಏರಿಳಿತ, ಬಹಳ ಚುರುಕು. ಕೇಬಲ್ಲಿನಲ್ಲಿ ರಿಂಗಿಂಗ್ (ಅಂಚಿನ ಬಳಿ ಸಂಕೇತ ತೊನೆದಾಡುವುದು) ಕಾಟ ಕೊಡುತ್ತದೆ. ಅದನ್ನೇ ಹಾಕಲೇಬೇಕಾದರೆ ಪ್ರತಿ ಗೆರೆಗೆ 33 ಓಮ್ ರೆಸಿಸ್ಟರ್ ಸರಣಿಯಲ್ಲಿ ಕೊಡಿ.

ಇನ್ನು ದಿಕ್ಕು. 1ನೇ ಪಿನ್ ಹೈ ಆದರೆ ದತ್ತಾಂಶ ಎ ಕಡೆಯಿಂದ ಬಿ ಕಡೆಗೆ ಹೋಗುತ್ತದೆ. 6502 ಓದುವಾಗ ರೀಡ್/ರೈಟ್ ಗೆರೆ ಹೈ ಇರುವುದರಿಂದ ಅದನ್ನೇ ಈ ಪಿನ್ನಿಗೆ ಕಟ್ಟಿ, ಎ ಕಡೆಯನ್ನು (2ರಿಂದ 9) ಕಾರ್ಡಿಗೆ, ಬಿ ಕಡೆಯನ್ನು (11ರಿಂದ 18) ಪ್ರೊಸೆಸರಿಗೆ ಕೊಡಿ; ಇನ್ವರ್ಟರ್ (ಹೈಯನ್ನು ಲೋ ಮಾಡುವ ಗೇಟ್) ಹಾಕುವುದು ತಪ್ಪಿತು. ಝಡ್80ರ ರೀಡ್ ಗೆರೆ ಓದುವಾಗ ಲೋ ಆಗುತ್ತದೆ, ಅಲ್ಲಿ ಅದನ್ನು 1ನೇ ಪಿನ್ನಿಗೆ ಕಟ್ಟಿ ಎ, ಬಿ ಕಡೆಗಳನ್ನು ಅದಲುಬದಲು ಮಾಡಿ.

19ನೇ ಪಿನ್ ಲೋ ಆದಾಗ ಬಫರ್ ಚಾಲೂ ಆಗುತ್ತದೆ; ಅದನ್ನು ನೇರ ಗ್ರೌಂಡಿಗೆ ಕಟ್ಟಲೇಬೇಡಿ. ಕಾರ್ಡಿನ ವಿಳಾಸ ಬಂದಾಗ ಮಾತ್ರ ಅದು ಲೋ ಆಗಬೇಕು. 6502ರಲ್ಲಿ ಫೈ-2 (ಗಡಿಯಾರದ ಗೆರೆ) ಹೈ ಆಗಿರುವುದೂ ಕೂಡಬೇಕು. ಇಲ್ಲವಾದರೆ ರಾಮ್ ಅಥವಾ ರೋಮ್ ಉತ್ತರ ಕೊಡುವಾಗಲೇ ಬಫರ್ ಕೂಡ ಬಸ್ಸನ್ನು ಹಿಡಿದೆಳೆಯುತ್ತದೆ. ಆಸಿಲೋಸ್ಕೋಪಿನಲ್ಲಿ ಗೆರೆ 0ಯೂ ಅಲ್ಲ, 1ಯೂ ಅಲ್ಲ, ನಡುವೆ ಎಲ್ಲೋ ಮೆಟ್ಟಿಲಾಗಿ ನಿಂತಿರುತ್ತದೆ. ಚಿಪ್ ಮುಟ್ಟಿದರೆ ಬಿಸಿ.

ಬಸ್ ಖಾಲಿಯಿದ್ದಾಗ ಎಚ್‌ಸಿಟಿ ಇನ್‌ಪುಟ್ ತೇಲಬಾರದು, ಎಂಟೂ ಗೆರೆಗೆ 10ಕೆ ಪುಲ್‌ಅಪ್ (5 ವೋಲ್ಟಿಗೆ ಕಟ್ಟುವ ರೆಸಿಸ್ಟರ್) ಹಾಕಿ. 100 ನ್ಯಾನೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಚಿಪ್ಪಿನ ಪಕ್ಕದಲ್ಲೇ ಇರಲಿ.

ಕುಂಬಳೆ, ಉಪ್ಪಳದ ಕಡಲ ಗಾಳಿಗೆ ಅಗ್ಗದ ಸಾಕೆಟ್ ಬೇಗ ಕಿಲುಬು ಹಿಡಿಯುತ್ತದೆ. ಚಿಪ್ಪನ್ನು ಕೀಳುವ ಮೊದಲು 10 (ಗ್ರೌಂಡ್) ಮತ್ತು 20ನೇ (5 ವೋಲ್ಟ್) ಪಿನ್ನುಗಳ ನಡುವೆ, ಚಿಪ್ಪಿನ ಕಾಲಿನ ಮೇಲೆಯೇ ಅಳೆಯಿರಿ. ಅಡಿಯ ಬೆಸುಗೆಯಲ್ಲಿ 5 ವೋಲ್ಟ್ ಇದ್ದು ಕಾಲಿನಲ್ಲಿ 4.75ಕ್ಕಿಂತ ಕಡಿಮೆ ತೋರಿದರೆ ಬದಲಿಸಬೇಕಾದದ್ದು ಸಾಕೆಟ್.