ಇಪ್ಪತ್ತನೆಯ ಹೆದ್ದಾರಿಯ ಗುರುಗಳು

ಬರ್ಮಿಂಗ್‌ಹ್ಯಾಮಿನ ಎಲ್ಮ್‌ವುಡ್ ಸ್ಮಶಾನದಲ್ಲಿ ನನ್ನ ಅಳಿಯ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದ. ದಾರಿ ಕೇಳುವ ಅಗತ್ಯ ಅವನಿಗಿರಲಿಲ್ಲ. ಆಡಂಬರವಿಲ್ಲದ ಒಂದು ಕಲ್ಲಿನ ಮುಂದೆ ನಿಂತು ಚಪ್ಪಲಿ ಬಿಟ್ಟ. ಅಮೆರಿಕದ ಸ್ಮಶಾನದಲ್ಲಿ ಚಪ್ಪಲಿ ಬಿಡುವ ಪದ್ಧತಿ ಇಲ್ಲ. ಹಾಸನ ಜಿಲ್ಲೆಯಲ್ಲಿ ಹುಟ್ಟಿದ ಹುಡುಗನ ಕಾಲು ತಾನಾಗಿಯೇ ಹಾಗೆ ಮಾಡಿತು. ಕಲ್ಲಿನ ಬುಡದಲ್ಲಿ ಯಾರೋ ಒಂದು ಕೋಕಾಕೋಲಾ ಬಾಟಲಿಯನ್ನೂ ಕಪ್ಪುಬಿಳುಪು ಚೌಕುಳಿಯ ಬಟ್ಟೆಯ ತುಂಡನ್ನೂ ಇಟ್ಟು ಹೋಗಿದ್ದರು.

"ಮಾವ, ಇವರೇ ಬೇರ್ ಬ್ರಯಂಟ್" ಎಂದ.

ನಾನು ಮೂವತ್ತೊಂದು ವರ್ಷ ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದವನು. ಕಬಡ್ಡಿ ನನ್ನ ಆಟ. ತಂಗಿಯ ಮಗ ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದಿ, ಅಲ್ಲೇ ಹತ್ತಿರದ ಕಾರು ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದಾನೆ. ಅಕ್ಟೋಬರಿನಲ್ಲಿ ಅವನ ಮನೆಗೆ ಹೋದಾಗ ಮೊದಲ ರಾತ್ರಿಯ ಊಟಕ್ಕೆ ಅವನ ಇಬ್ಬರು ಗೆಳೆಯರೂ ಬಂದಿದ್ದರು. ಬಿಸಿಬೇಳೆಬಾತ್ ಖಾಲಿಯಾದ ಮೇಲೂ ಅವರ ವಾದ ಮುಗಿಯಲಿಲ್ಲ. ಕಾಲೇಜು ಫುಟ್‌ಬಾಲಿನಲ್ಲಿ ಸಾರ್ವಕಾಲಿಕ ಶ್ರೇಷ್ಠ ತರಬೇತುದಾರ ಯಾರು? ಒಬ್ಬ ಬ್ರಯಂಟ್ ಎಂದ, ಅಳಿಯ ನಿಕ್ ಸೇಬನ್ ಎಂದ. ಮೂರನೆಯವನು ಲೂಯಿಸಿಯಾನಾದಲ್ಲಿ ಓದಿದವನು. ಅವನು ಮೆಲ್ಲಗೆ "ಎಡ್ಡಿ ರಾಬಿನ್ಸನ್" ಎಂದ. ಉಳಿದಿಬ್ಬರೂ ಒಂದು ಕ್ಷಣ ಮಾತು ನಿಲ್ಲಿಸಿದರು. ಆ ಮೌನ ನನ್ನನ್ನು ಹಿಡಿಯಿತು. ಬ್ರಯಂಟರ ಸಮಾಧಿಯಿರುವ ಬರ್ಮಿಂಗ್‌ಹ್ಯಾಮ್, ಅಲಬಾಮಾ ವಿಶ್ವವಿದ್ಯಾಲಯದ ಟಸ್ಕಲೂಸಾ, ರಾಬಿನ್ಸನ್ ಅವರ ಗ್ರ್ಯಾಂಬ್ಲಿಂಗ್, ಮೂರೂ ಊರುಗಳು ಒಂದೇ ಹೆದ್ದಾರಿಯ ಮೇಲಿವೆ, ಪಶ್ಚಿಮಕ್ಕೆ ಹೋಗುವ ಇಂಟರ್‌ಸ್ಟೇಟ್ 20. ಎರಡು ದಿನ ರಜೆ ಹಾಕು, ಮೂರನ್ನೂ ನೋಡಿ ಬರೋಣ ಎಂದೆ. ಬೆಳಗ್ಗೆ ಆರಕ್ಕೆ ಹೊರಡುವ ಮಾತಾಗಿತ್ತು. ಅಳಿಯ ಎದ್ದದ್ದು ಎಂಟಕ್ಕೆ.

ಈ ಫುಟ್‌ಬಾಲ್ ನಾವು ಆಡುವುದಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ನಾಲ್ಕು ಪ್ರಯತ್ನಗಳೊಳಗೆ ಹತ್ತು ಗಜ ಮುಂದೆ ಹೋಗಬೇಕು, ಇಲ್ಲವಾದರೆ ಚೆಂಡು ಎದುರಾಳಿಗೆ. ಎದುರಾಳಿಯ ನೆಲದೊಳಕ್ಕೆ ನುಗ್ಗುವುದು, ಕಾಲಿಗೆ ಬೀಳುವವರಿಂದ ಬಿಡಿಸಿಕೊಳ್ಳುವುದು ಎಲ್ಲ ಕಬಡ್ಡಿ ಬಲ್ಲವನಿಗೆ ಬೇಗ ಅರ್ಥವಾಗುತ್ತದೆ. ಆದರೆ ಕಾಲೇಜು ತಂಡದ ಕೋಚ್ ಮಾಡುವ ಕೆಲಸ ನಮ್ಮ ಊಹೆಗೂ ಮೀರಿದ್ದು. ಹದಿನೆಂಟರ ಹುಡುಗರನ್ನು ಅವರ ಮನೆಗೇ ಹೋಗಿ, ತಾಯಿತಂದೆಯರ ಎದುರು ಕುಳಿತು ಮಾತನಾಡಿ ಕರೆತರಬೇಕು. ನಾಲ್ಕೈದು ವರ್ಷದಲ್ಲಿ ಅವರು ಹೊರಟುಹೋಗುತ್ತಾರೆ, ಮತ್ತೆ ಹೊಸಬರು. ಕೋಚ್ ಎಂದೂ ಒಂದೇ ತಂಡವನ್ನು ಇಟ್ಟುಕೊಳ್ಳಲಾರ. ಶಾಲೆಯ ಮೇಷ್ಟ್ರಿಗೂ ಇದೇ ಪಾಡು. ಹತ್ತನೇ ತರಗತಿ ಮುಗಿದೊಡನೆ ನಮ್ಮ ಒಳ್ಳೆಯ ರೈಡರ್ ಟಿ.ಸಿ. ತೆಗೆದುಕೊಂಡು ಹೋಗಿಬಿಡುತ್ತಿದ್ದ.

ಬ್ರಯಂಟ್ ಅವರು ಅರ್ಕನ್ಸಾಸಿನ ಬಡ ಕುಟುಂಬದವರು. ಹುಡುಗನಾಗಿದ್ದಾಗ ಚಿತ್ರಮಂದಿರವೊಂದರಲ್ಲಿ ಪಳಗಿಸಿದ ಕರಡಿಯೊಂದಿಗೆ ಕುಸ್ತಿಗಿಳಿದಿದ್ದರಿಂದ 'ಬೇರ್' ಎಂಬ ಹೆಸರು ಬಂತು. ಅಲಬಾಮಾದಲ್ಲಿ 1958ರಿಂದ 1982ರವರೆಗೆ ಇದ್ದು ಆರು ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ನಾಲ್ಕು ವಿಶ್ವವಿದ್ಯಾಲಯಗಳಲ್ಲಿ ಸೇರಿ ಒಟ್ಟು 323 ಗೆಲುವು. ಕೊನೆಯ ಪಂದ್ಯ 1982ರ ಡಿಸೆಂಬರ್ 29ರಂದು. ಅದಾಗಿ ಇಪ್ಪತ್ತೆಂಟನೆಯ ದಿನ ಹೃದಯಾಘಾತದಿಂದ ತೀರಿಕೊಂಡರು. ಟಸ್ಕಲೂಸಾದಿಂದ ಈ ಸ್ಮಶಾನದವರೆಗೆ ಸುಮಾರು ತೊಂಬತ್ತು ಕಿಲೋಮೀಟರ್ ದಾರಿಯಲ್ಲಿ, ಹೆದ್ದಾರಿಯ ಅಂಚಿನಲ್ಲಿ, ಸೇತುವೆಗಳ ಮೇಲೆ ಲಕ್ಷಾಂತರ ಜನ ನಿಂತಿದ್ದರಂತೆ. ನಾವು ಅದೇ ದಾರಿಯಲ್ಲಿ, ಎದುರು ದಿಕ್ಕಿಗೆ ಹೊರಟೆವು.

ಟಸ್ಕಲೂಸಾದಲ್ಲಿ ಪೆಟ್ರೋಲ್ ಹಾಕಿಸಿದಾಗ ಗಲ್ಲಾದಲ್ಲಿದ್ದ ಹೆಂಗಸು ಚಿಲ್ಲರೆ ಕೊಡುತ್ತಾ "ರೋಲ್ ಟೈಡ್" ಎಂದಳು. ಅಳಿಯನೂ "ರೋಲ್ ಟೈಡ್" ಎಂದ. ಅದು ತಂಡದ ಘೋಷಣೆ. ಈ ಊರಿನಲ್ಲಿ ಅದು ನಮಸ್ಕಾರ, ಧನ್ಯವಾದ, ಹೋಗಿ ಬನ್ನಿ ಎಲ್ಲವೂ ಹೌದು. ಬ್ರಯಂಟ್ ವಸ್ತುಸಂಗ್ರಹಾಲಯದಲ್ಲಿ ಅವರ ಚೌಕುಳಿ ಟೋಪಿಯನ್ನು ಸ್ಫಟಿಕದಲ್ಲಿ ಕಡೆದು ಇಟ್ಟಿದ್ದಾರೆ. ಅವರ ಕಚೇರಿಯನ್ನು ಇದ್ದ ಹಾಗೆಯೇ ಮತ್ತೆ ಕಟ್ಟಿದ್ದಾರೆ. ಬ್ರಯಂಟ್ ಎಂದು ಮಕ್ಕಳಿಗೆ ಹೆಸರಿಟ್ಟ ಕುಟುಂಬಗಳು ನೂರಾರು ಇವೆಯಂತೆ.

ಕ್ರೀಡಾಂಗಣದ ಉತ್ತರದ ಬಾಗಿಲ ಮುಂದೆ ಐದು ಕಂಚಿನ ಪ್ರತಿಮೆಗಳು. ರಾಷ್ಟ್ರೀಯ ಪ್ರಶಸ್ತಿ ತಂದ ಐವರು ಕೋಚ್‌ಗಳವು. ಒಳಗೆ ಲಕ್ಷ ಜನ ಕೂರಬಹುದು. ಅಳಿಯ ಸೇಬನ್ ಪ್ರತಿಮೆಯ ಕೆಳಗೆ ನಿಂತು ನ್ಯಾಯಾಲಯದಲ್ಲಿ ನಿಂತವನಂತೆ ಮಾತನಾಡಿದ. ಏಳು ರಾಷ್ಟ್ರೀಯ ಪ್ರಶಸ್ತಿ: ಲೂಯಿಸಿಯಾನಾ ಸ್ಟೇಟ್‌ನಲ್ಲಿ 2003ರದು, ಇಲ್ಲಿ ಆರು. ಬ್ರಯಂಟ್ ಕಾಲದಲ್ಲಿ ಪ್ರಶಸ್ತಿಯನ್ನು ಪತ್ರಕರ್ತರ ಮತ್ತು ಕೋಚ್‌ಗಳ ಮತದಿಂದ ಕೊಡುತ್ತಿದ್ದರು, ಸೇಬನ್ ಪ್ರತಿಯೊಂದನ್ನೂ ಅಂತಿಮ ಪಂದ್ಯ ಆಡಿಯೇ ಗೆದ್ದವರು. ವೆಸ್ಟ್ ವರ್ಜೀನಿಯಾದ ಪೆಟ್ರೋಲ್ ಬಂಕಿನಲ್ಲಿ ಅವರ ತಂದೆ ಹುಡುಗನಿಂದ ಕಾರು ತೊಳೆಸುತ್ತಿದ್ದರು. ಒಂದು ಗೆರೆ ಉಳಿದರೂ ಮತ್ತೆ ಮೊದಲಿನಿಂದ ತೊಳೆಯಬೇಕಿತ್ತು.

"ಆಮೇಲೆ 2018ರ ಜನವರಿ, ಮಾವ. ಅಟ್ಲಾಂಟಾದಲ್ಲಿ ಜಾರ್ಜಿಯಾ ವಿರುದ್ಧ ಫೈನಲ್. ಅರ್ಧ ಪಂದ್ಯಕ್ಕೆ ನಾವು 13–0 ಹಿಂದೆ. ಸತತ ಎರಡು ವರ್ಷ ತಂಡವನ್ನು ಫೈನಲ್‌ಗೆ ತಂದಿದ್ದ ಜೇಲನ್ ಹರ್ಟ್ಸ್‌ನನ್ನು ಕೂರಿಸಿ, ಮೊದಲ ವರ್ಷದ ಹುಡುಗ ಟುವಾ ಟಾಗೊವೈಲೋವಾನನ್ನು ಕಳಿಸಿದರು. ಯಾರಿಗೆ ಆ ಧೈರ್ಯ ಇರುತ್ತದೆ?"

ಹೆಚ್ಚುವರಿ ಸಮಯದಲ್ಲಿ ಆ ಹುಡುಗ ಮೊದಲ ಪ್ರಯತ್ನದಲ್ಲೇ ಹದಿನಾರು ಗಜ ಹಿಂದಕ್ಕೆ ಬಿದ್ದ. ಮರುಕ್ಷಣವೇ 41 ಗಜದ ಎಸೆತ, ಅಲಬಾಮಾಕ್ಕೆ 26–23ರ ಗೆಲುವು. ನನಗೆ ಅದಕ್ಕಿಂತ ಹೆಚ್ಚು ಮನಸ್ಸಿಗೆ ತಟ್ಟಿದ್ದು ಮುಂದಿನ ಸಂಗತಿ. ಕೂರಿಸಲ್ಪಟ್ಟ ಹರ್ಟ್ಸ್ ಮುನಿಸಿಕೊಂಡು ಆಗಲೇ ತಂಡ ಬಿಡಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ, ಅದೇ ಅಟ್ಲಾಂಟಾದಲ್ಲಿ, ಅದೇ ಜಾರ್ಜಿಯಾ ವಿರುದ್ಧ ಟುವಾ ಗಾಯಗೊಂಡಾಗ ಹರ್ಟ್ಸ್ ಇಳಿದು ಪಂದ್ಯ ಗೆಲ್ಲಿಸಿಕೊಟ್ಟ. ತಂಡದ ನಾಯಕನನ್ನು ಹೊರಗೆ ಕೂರಿಸಿದ ಮೇಲೂ ಅವನ ಮನಸ್ಸನ್ನು ಉಳಿಸಿಕೊಳ್ಳುವುದು ಎಷ್ಟು ಕಷ್ಟ ಎಂಬುದು ನನಗೆ ಗೊತ್ತು. ಸೇಬನ್ ಅವರಿಗೆ ಆ ಪ್ರತಿಮೆಯ ಕೆಳಗೇ ನಮಸ್ಕರಿಸಿದೆ.

ಅಲ್ಲಿಂದ ಕ್ಯಾಂಪಸ್ಸಿನೊಳಗೆ ನಡೆಯುತ್ತಾ ಫಾಸ್ಟರ್ ಆಡಿಟೋರಿಯಂ ಎದುರು ಬಂದೆವು. ಇಟ್ಟಿಗೆಯ ಕಟ್ಟಡ, ಮುಂದೆ ಬಿಳಿ ಕಂಬಗಳು. 1963ರ ಜೂನ್ 11ರಂದು ಇಬ್ಬರು ಕಪ್ಪು ವಿದ್ಯಾರ್ಥಿಗಳು ಪ್ರವೇಶಕ್ಕೆಂದು ಇಲ್ಲಿಗೆ ಬಂದಾಗ ರಾಜ್ಯಪಾಲ ಜಾರ್ಜ್ ವ್ಯಾಲೇಸ್ ಬಾಗಿಲಲ್ಲಿ ಅಡ್ಡ ನಿಂತಿದ್ದು ಇಲ್ಲೇ. ಆ ಇಬ್ಬರ, ವಿವಿಯನ್ ಮಲೋನ್ ಮತ್ತು ಜೇಮ್ಸ್ ಹುಡ್ ಅವರ ಹೆಸರನ್ನು ಈಗ ಮುಂದಿನ ಅಂಗಳಕ್ಕೆ ಇಟ್ಟಿದ್ದಾರೆ. ಆ ಬಾಗಿಲ ಮೆಟ್ಟಿಲ ಮೇಲೆ ಕುಳಿತು ಲೆಕ್ಕ ಹಾಕಿದೆ. ಆ ಹೊತ್ತಿಗೆ ಬ್ರಯಂಟ್ ಇಲ್ಲಿ ಒಂದು ರಾಷ್ಟ್ರೀಯ ಪ್ರಶಸ್ತಿ ಗೆದ್ದಾಗಿತ್ತು. 1964, 1965ರಲ್ಲಿ ಮತ್ತೆ ಗೆದ್ದರು. ಎಲ್ಲವೂ ಬಿಳಿಯರಷ್ಟೇ ಇದ್ದ ತಂಡಗಳು. ಮೊದಲ ಕಪ್ಪು ಆಟಗಾರ ಅಲಬಾಮಾ ಅಂಗಿ ತೊಟ್ಟು ಪಂದ್ಯವಾಡಿದ್ದು 1971ರಲ್ಲಿ. ಅದರ ಹಿಂದಿನ ವರ್ಷ ದಕ್ಷಿಣ ಕ್ಯಾಲಿಫೋರ್ನಿಯಾ ತಂಡ ಬರ್ಮಿಂಗ್‌ಹ್ಯಾಮಿಗೆ ಬಂದು 42–21ರಲ್ಲಿ ಇವರನ್ನು ಸೋಲಿಸಿತ್ತು. ಅದರ ಕಪ್ಪು ಆಟಗಾರ ಸ್ಯಾಮ್ ಕನಿಂಗ್‌ಹ್ಯಾಮ್ 135 ಗಜ ಓಡಿದ್ದ.

"ಆ ಕಾಲದಲ್ಲಿ ಅವರೊಬ್ಬರಿಂದ ಏನು ಮಾಡಲಾಗುತ್ತಿತ್ತು ಮಾವ? ರಾಜ್ಯಪಾಲರೇ ಎದುರಾಳಿ" ಎಂದ ಅಳಿಯ.

"ಈ ರಾಜ್ಯದಲ್ಲಿ ಅವರ ಮಾತಿಗಿಂತ ದೊಡ್ಡ ಮಾತು ಯಾರದಿತ್ತು?" ಎಂದೆ.

ಅವನು ಉತ್ತರ ಕೊಡಲಿಲ್ಲ. ಬಾಗಿಲು ತೆರೆದ ಮೇಲೆ ಬ್ರಯಂಟ್ ಹಿಂಜರಿಯಲಿಲ್ಲ ಎಂಬುದೂ ನಿಜ. ಆದರೆ ನನ್ನ ತಲೆಯಲ್ಲಿ ಬೇರೆ ಪ್ರಶ್ನೆ ಓಡುತ್ತಿತ್ತು. ದಕ್ಷಿಣದ ಇಂಥ ಬಾಗಿಲುಗಳೆಲ್ಲ ಮುಚ್ಚಿದ್ದ ಆ ವರ್ಷಗಳಲ್ಲಿ ಆ ಹುಡುಗರು ಎಲ್ಲಿ ಆಡುತ್ತಿದ್ದರು?

ಮರುದಿನ ಐದೂವರೆ ನೂರು ಕಿಲೋಮೀಟರ್ ಪ್ರಯಾಣ. ಮೆರಿಡಿಯನ್, ಜಾಕ್ಸನ್, ಎರಡೂ ಕಡೆ ಪೈನ್ ಮರಗಳು, ಹೇಳುವಂಥದ್ದೇನೂ ಇಲ್ಲ. ಹೊತ್ತು ಕಳೆಯಲು ಅಳಿಯ ಬೇರೆ ಹೆಸರುಗಳನ್ನು ಎತ್ತಿದ. ನಾಟರ್‌ಡೇಮಿನ ನೂಟ್ ರಾಕ್ನಿ: 105 ಗೆಲುವು, 12 ಸೋಲು, 43ನೆಯ ವಯಸ್ಸಿಗೆ ವಿಮಾನ ಅಪಘಾತದಲ್ಲಿ ಸಾವು. ಮಿನ್ನೆಸೋಟಾದ ಸಣ್ಣ ಕಾಲೇಜಿನ ಜಾನ್ ಗಲ್ಯಾರ್ಡಿ: 489 ಗೆಲುವು. ಅವರು ಅಭ್ಯಾಸದಲ್ಲಿ ಸೀಟಿಯನ್ನೇ ಊದುತ್ತಿರಲಿಲ್ಲ ಎಂದಾಗ ನನಗೆ ಬಹಳ ಸಂತೋಷವಾಯಿತು. ಪೆನ್ ಸ್ಟೇಟ್‌ನ ಜೋ ಪಟರ್ನೊ: 409. ಅವರ ಮಾಜಿ ಸಹಾಯಕನೊಬ್ಬ ಮಕ್ಕಳ ಮೇಲೆ ಎಸಗಿದ ಲೈಂಗಿಕ ದೌರ್ಜನ್ಯ 2011ರಲ್ಲಿ ಬಯಲಾಗಿ ಪಟರ್ನೊ ಕೆಲಸ ಕಳೆದುಕೊಂಡರು. ಮರುವರ್ಷ ಅವರ ಪ್ರತಿಮೆಯನ್ನು ತೆಗೆದರು, 111 ಗೆಲುವುಗಳನ್ನು ರದ್ದು ಮಾಡಿದರು, 2015ರಲ್ಲಿ ಗೆಲುವುಗಳನ್ನು ಮರಳಿ ಕೊಟ್ಟರು. ಮಕ್ಕಳನ್ನು ಕಾಯದ ಜಾಗದ ಗೆಲುವನ್ನು ನಾನು ಎಣಿಸುವುದಿಲ್ಲ ಎಂದೆ. ಆ ಮಾತು ಅಲ್ಲಿಗೇ ನಿಂತಿತು.

ವಿಕ್ಸ್‌ಬರ್ಗ್‌ನಲ್ಲಿ ಮಿಸಿಸಿಪ್ಪಿ ದಾಟಿದೆವು. ಕೆಂಪು ಮಣ್ಣಿನ ಕೆರೆಯ ನೀರಿನ ಬಣ್ಣ, ಅವಸರವಿಲ್ಲದ ಹರಿವು. ಆಚೆ ದಡದಲ್ಲಿ ಭೂಮಿ ಒಮ್ಮೆಲೇ ಅಂಗೈಯಂತೆ ಸಪಾಟಾಯಿತು, ಹತ್ತಿ ಹೊಲಗಳು ಶುರುವಾದವು. ಕಾಯಿ ಒಡೆದು ಬೆಳ್ಳಗೆ ಹರಡಿದ್ದ ಹೊಲದ ಪಕ್ಕ ಕಾರು ನಿಲ್ಲಿಸಿ, ಅಳಿಯನ ಹೆಂಡತಿ ಕಟ್ಟಿಕೊಟ್ಟಿದ್ದ ಚಪಾತಿ ಮತ್ತು ಹುರುಳಿಕಾಯಿ ಪಲ್ಯ ತಿಂದೆವು. ರಾಬಿನ್ಸನ್ ಬಗ್ಗೆ ನಾನು ಓದಿಕೊಂಡಿದ್ದನ್ನು ಹೇಳಿದ್ದು ಅಲ್ಲೇ.

ತಂದೆ ಪರರ ಹತ್ತಿ ಹೊಲದಲ್ಲಿ ಪಾಲಿಗೆ ದುಡಿದವರು, ತಾಯಿ ಮನೆಗೆಲಸದವರು. ಪದವಿ ಪಡೆದ ಮೇಲೂ ರಾಬಿನ್ಸನ್ ಬ್ಯಾಟನ್ ರೂಜ್‌ನ ಮೇವಿನ ಗಿರಣಿಯಲ್ಲಿ ಗಂಟೆಗೆ 25 ಸೆಂಟಿಗೆ ದುಡಿದರು. 1941ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಗ್ರ್ಯಾಂಬ್ಲಿಂಗ್‌ನ ಕಪ್ಪು ವಿದ್ಯಾರ್ಥಿಗಳ ಸಣ್ಣ ಕಾಲೇಜಿಗೆ ಕೋಚ್ ಆಗಿ ಬಂದರು. ಮೈದಾನದ ಹುಲ್ಲು ಕತ್ತರಿಸುವವರು ಅವರೇ, ಹುಡುಗರ ಕಣಕಾಲಿಗೆ ಪಟ್ಟಿ ಸುತ್ತುವವರು ಅವರೇ, ಪಂದ್ಯ ಮುಗಿದ ಮೇಲೆ ಪತ್ರಿಕೆಗೆ ವರದಿ ಬರೆಯುವವರೂ ಅವರೇ. ದಾರಿಯ ಹೋಟೆಲುಗಳು ಕಪ್ಪು ಹುಡುಗರನ್ನು ಒಳಗೆ ಬಿಡುತ್ತಿರಲಿಲ್ಲವಾದ್ದರಿಂದ ಪ್ರಯಾಣಕ್ಕೆ ಸ್ಯಾಂಡ್‌ವಿಚ್ ಮಾಡಿಕೊಳ್ಳುತ್ತಿದ್ದರು. ಎರಡನೆಯ ವರ್ಷವೇ ತಂಡ ಒಂಬತ್ತಕ್ಕೆ ಒಂಬತ್ತೂ ಪಂದ್ಯ ಗೆದ್ದಿತು, ಎದುರಾಳಿಗಳಿಗೆ ಒಂದೇ ಒಂದು ಅಂಕ ಕೊಡದೆ. ಒಮ್ಮೆ ಆಟಗಾರರನ್ನು ಅವರ ತಂದೆ ಹತ್ತಿ ಬಿಡಿಸಲು ಕರೆದೊಯ್ದಾಗ, ಉಳಿದ ತಂಡವನ್ನೆಲ್ಲ ಕರೆದುಕೊಂಡು ಹೋಗಿ ಆ ಹೊಲದ ಹತ್ತಿ ಬಿಡಿಸಿಕೊಟ್ಟು ಹುಡುಗರನ್ನು ಮೈದಾನಕ್ಕೆ ತಂದರು.

ಅಳಿಯ ಎದುರಿನ ಹೊಲ ನೋಡುತ್ತಾ ಚಪಾತಿ ಹಿಡಿದುಕೊಂಡೇ ಇದ್ದ. ನನಗೆ ನಮ್ಮ ಶಾಲೆಯ ಮೈದಾನ ಕಣ್ಣೆದುರು ಬಂತು. ತಾಲ್ಲೂಕು ಪಂದ್ಯಕ್ಕೆ ಮುಂಚೆ ಮುಳ್ಳು ಕಿತ್ತು, ಸುಣ್ಣದ ಪುಡಿಯಲ್ಲಿ ನಾನೇ ಅಂಕಣ ಬರೆದ ಬೆಳಗುಗಳು. ರಾಗಿ ಕೊಯ್ಲಿನ ವಾರ ನನ್ನ ಒಬ್ಬ ಕ್ಯಾಚರ್ ಬಾರದಿದ್ದಾಗ ನಾನು ಅವನ ಮನೆಗೆ ಹೋಗಿ ತಂದೆಯ ಹತ್ತಿರ ಬೇಡಿಕೊಂಡಿದ್ದೆ. ಕುಡುಗೋಲು ಹಿಡಿದಿರಲಿಲ್ಲ. ಆ ಯೋಚನೆಯೇ ನನಗೆ ಹೊಳೆದಿರಲಿಲ್ಲ.

ಗ್ರ್ಯಾಂಬ್ಲಿಂಗ್ ತಲುಪಿದಾಗ ಮೂರು ಗಂಟೆ. ಗುಡ್ಡದ ಮೇಲಿನ ಪುಟ್ಟ ಊರು. ರಾಬಿನ್ಸನ್ ವಸ್ತುಸಂಗ್ರಹಾಲಯವೂ ಟಸ್ಕಲೂಸಾದ್ದರ ಮುಂದೆ ಚಿಕ್ಕದು. ನಾನು ಅಲ್ಲಿ ಎರಡು ಗಂಟೆ ಕಳೆದೆ. ಐವತ್ತೇಳು ವರ್ಷ ಒಂದೇ ಊರು, ಒಂದೇ ಕೆಲಸ. ಅಮೆರಿಕದ ಹನ್ನೊಂದು ಅಧ್ಯಕ್ಷರ ಕಾಲವನ್ನು ಕಂಡವರು. 408 ಗೆಲುವು, 165 ಸೋಲು, 15 ಸಮ. ಬ್ರಯಂಟರ 323ನ್ನು ಅವರು ದಾಟಿದ್ದು 1985ರಲ್ಲಿ. ವೃತ್ತಿಪರ ಲೀಗುಗಳಿಗೆ ಇನ್ನೂರಕ್ಕೂ ಹೆಚ್ಚು ಆಟಗಾರರು ಇಲ್ಲಿಂದ ಹೋಗಿದ್ದಾರೆ.

"ಆದರೆ ಮಾವ, ಅವರು ಸೋಲಿಸಿದ್ದು ಸಣ್ಣ ಕಾಲೇಜುಗಳನ್ನು. ಅಲಬಾಮಾ, ಟೆಕ್ಸಾಸ್ ತಂಡಗಳ ಎದುರು ಆಡಿರಲಿಲ್ಲ."

"ಆಡಲು ಬಿಟ್ಟಿರಲಿಲ್ಲ. ಆದರೆ ಅವರ ಹುಡುಗರು ಆಡಿದರು" ಎಂದೆ. 1949ರಲ್ಲಿ ಟ್ಯಾಂಕ್ ಯಂಗರ್ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡಕ್ಕೆ ಹೊರಟಾಗ, ಕಪ್ಪು ಕಾಲೇಜುಗಳಿಂದ ಎನ್‌ಎಫ್‌ಎಲ್ ಎಂಬ ವೃತ್ತಿಪರ ಲೀಗಿಗೆ ಕಾಲಿಟ್ಟ ಮೊದಲಿಗ ಆತನೇ. ನೀನು ಸೋತರೆ ನಿನ್ನ ಹಿಂದಿರುವವರಿಗೂ ಬಾಗಿಲು ಮುಚ್ಚುತ್ತದೆ ಎಂದು ರಾಬಿನ್ಸನ್ ತಿಳಿಹೇಳಿ ಕಳಿಸಿದ್ದರು. 1963ರ ಋತುವಿಗೆ, ವ್ಯಾಲೇಸ್ ಆ ಬಾಗಿಲಲ್ಲಿ ನಿಂತ ವರ್ಷದ ಋತುವಿಗೇ, ಎನ್‌ಎಫ್‌ಎಲ್‌ಗೆ ಆಗ ಪೈಪೋಟಿಯಾಗಿದ್ದ ಅಮೆರಿಕನ್ ಫುಟ್‌ಬಾಲ್ ಲೀಗ್ ಇಡೀ ದೇಶದ ಆಟಗಾರರಲ್ಲಿ ಮೊದಲ ಆಯ್ಕೆಯಾಗಿ ತೆಗೆದುಕೊಂಡದ್ದು ಗ್ರ್ಯಾಂಬ್ಲಿಂಗ್‌ನ ಬಕ್ ಬುಕ್ಯಾನನ್‌ನನ್ನು. ಕಪ್ಪು ಹುಡುಗರಿಗೆ ಕ್ವಾರ್ಟರ್‌ಬ್ಯಾಕ್, ಅಂದರೆ ಆಟ ನಡೆಸಿ ಚೆಂಡು ಎಸೆಯುವವ, ಆಗುವ ಬುದ್ಧಿ ಸಾಲದು ಎಂದು ನಂಬಿದ್ದ ಎನ್‌ಎಫ್‌ಎಲ್‌ನಲ್ಲಿ, 1988ರ ಜನವರಿಯಲ್ಲಿ ಅದರ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಡಗ್ ವಿಲಿಯಮ್ಸ್. ಇಲ್ಲಿಯ ಹುಡುಗ. ಹತ್ತು ವರ್ಷದ ಮೇಲೆ ಇಲ್ಲಿಗೇ ಮರಳಿ ಗುರುವಿನ ಸ್ಥಾನದಲ್ಲಿ ಕೋಚ್ ಆದ.

ದೊಡ್ಡ ವಿಶ್ವವಿದ್ಯಾಲಯಗಳ ಬಾಗಿಲು ತೆರೆದ ಮೇಲೆ ಒಳ್ಳೆಯ ಆಟಗಾರರು ಅತ್ತ ಹೋಗತೊಡಗಿದರು. ರಾಬಿನ್ಸನ್ ಅವರ ಕೊನೆಯ ವರ್ಷಗಳು ಸೋಲಿನವು, ಕೊನೆಯ ಋತುವಿನಲ್ಲಿ ಮೂರೇ ಗೆಲುವು. ನನ್ನ ಪಾಲಿಗೆ ಇದು ಅವರ ಲೆಕ್ಕದಿಂದ ಕಳೆಯಬೇಕಾದದ್ದಲ್ಲ. ಅವರು ಹೊರಗೆ ಕಳಿಸಿದ ಹುಡುಗರು ತೆರೆಸಿದ ಬಾಗಿಲುಗಳೇ ಅವು. ಇಷ್ಟು ವರ್ಷ ಮೈದಾನದಲ್ಲಿ ನಿಂತ ನನ್ನ ತೀರ್ಪು ಇದು: ಏಳು ಪ್ರಶಸ್ತಿಗೂ ಲಕ್ಷ ಆಸನಕ್ಕೂ ಮೇಲೆ ನಾನು ರಾಬಿನ್ಸನ್ ಅವರನ್ನು ಇಡುತ್ತೇನೆ.

ಹೊರಗೆ ಬಂದಾಗ ಎಲ್ಲಿಂದಲೋ ಕಾಲೇಜಿನ ಬ್ಯಾಂಡ್ ಅಭ್ಯಾಸ ಮಾಡುವ ಸದ್ದು. ಡೋಲಿನ ಪೆಟ್ಟು ಎದೆಗೇ ಬಡಿಯುತ್ತಿತ್ತು. ರಾಬಿನ್ಸನ್ ಬೆಳಗಿನ ಜಾವ ಹುಡುಗರ ವಸತಿನಿಲಯದ ಪಡಸಾಲೆಯಲ್ಲಿ ಹಸುವಿನ ಕೊರಳ ಗಂಟೆ ಬಾರಿಸುತ್ತಾ ನಡೆಯುತ್ತಿದ್ದರು, ಆಟಕ್ಕಲ್ಲ, ತರಗತಿಗೆ ಎಬ್ಬಿಸಲು ಎಂದು ಅಳಿಯನಿಗೆ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ನಾನು ಸೇಬನ್ ಅವರನ್ನು ಬಿಡುವುದಿಲ್ಲ ಮಾವ" ಎಂದ. ಬಿಡಬೇಡ ಎಂದೆ. ರಾತ್ರಿ ರಸ್ಟನ್‌ನ ಲಾಡ್ಜಿನಲ್ಲಿ ಉಳಿದೆವು.

ಬೆಳಗ್ಗೆ ಕಣಕಣ ಸದ್ದಿಗೆ ಎಚ್ಚರವಾಯಿತು. ಬಾಗಿಲು ತೆರೆದರೆ, ಸ್ನಾನ ಮುಗಿಸಿ ತಲೆ ಬಾಚಿಕೊಂಡು, ಬುತ್ತಿಯ ಚೀಲದ ಸ್ಟೀಲ್ ಲೋಟಕ್ಕೆ ಚಮಚ ಬಡಿಯುತ್ತಾ ಅಳಿಯ ನಿಂತಿದ್ದ.

"ಏಳಿ ಮಾವ, ಆರು ಗಂಟೆ."